ಕೀಲಕ ಸಂವತ್ಸರದ ಎರಡು ಕಲ್ಲುಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನ ಶಾಲೆಯ ಆವರಣದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹಳೆಯ ವಿದ್ಯಾರ್ಥಿಯಾಗಿ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಹೇಳಿದರು. ಶಾಲೆಯ ಹಳೆಯ ನೆನಪುಗಳನ್ನು ನಿನ್ನೆ ಬೇರೆಯವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು. ನನಗೆ ಗೊತ್ತಿರುವುದು ಇಸವಿಗಳು. ಆದ್ದರಿಂದ ಒಂದೇ ಒಂದು ಇಸವಿಯ ವಿಷಯ ಹೇಳುತ್ತೇನೆ ಎಂದೆ, ಒಪ್ಪಿದರು. ಆ ಇಸವಿ 1368.

ಶಾಲೆಯ ಹಬ್ಬಕ್ಕೂ ಆರುನೂರೈವತ್ತು ವರ್ಷ ಹಿಂದಿನ ಇಸವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಈ ಕಟ್ಟಡದ ಬಾಗಿಲಲ್ಲೇ ಇದೆ. ಕಚೇರಿಯ ಕೋಣೆಗೆ ಹೋಗುವಾಗ ಎಡಗಡೆ ಗೋಡೆಯಲ್ಲಿ ಒಂದು ಕಲ್ಲು ಕೂರಿಸಿದ್ದಾರೆ. ವರ್ಷ ವರ್ಷವೂ ಬಳಿದ ಸುಣ್ಣ ಅದರ ಅಕ್ಷರಗಳೊಳಗೆ ತುಂಬಿಕೊಂಡಿದೆ. ನಿನ್ನೆ ನಾನೂ ಇಬ್ಬರು ಹುಡುಗರೂ ಸೇರಿ ತೆಂಗಿನ ನಾರಿನಲ್ಲಿ ಉಜ್ಜಿ ಓದಿದೆವು. ಶಾಲಿವಾಹನ ಶಕ 1890, ಕೀಲಕ ಸಂವತ್ಸರ, ಜ್ಯೇಷ್ಠ ಮಾಸ ಎಂದಿದೆ. ಕೆಳಗೆ 1968 ಎಂದಿದೆ. ಆ ವರ್ಷ ಎಂಟನೆಯ ತರಗತಿಗೆ ಸೇರಿದ ಮೊದಲ ತಂಡದಲ್ಲಿ ನಾನೂ ಒಬ್ಬ. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇತ್ತು. ಮೂರು ವರ್ಷ ಆ ಕಲ್ಲಿನ ಪಕ್ಕದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದೇನೆ, ಒಂದು ದಿನವೂ ಓದಿರಲಿಲ್ಲ.

ಕೀಲಕ ಎನ್ನುವುದು ಅರವತ್ತು ಸಂವತ್ಸರಗಳಲ್ಲಿ ನಲವತ್ತೆರಡನೆಯದು. ಪ್ರಭವದಿಂದ ಶುರುವಾಗಿ ಅಕ್ಷಯಕ್ಕೆ ಮುಗಿದು ಮತ್ತೆ ಪ್ರಭವಕ್ಕೆ ಬರುವ ಸುತ್ತು ಇದು. ಹಿರಿಯರಿಗೆ ಬಾಯಿಪಾಠ ಇದ್ದೀತು. ಮಕ್ಕಳಿಗೆ ಯುಗಾದಿಯ ದಿನ ಪಂಚಾಂಗ ಓದುವಾಗ ಒಂದು ಹೆಸರು ಕಿವಿಗೆ ಬಿದ್ದಿರಬಹುದು. 2018ರಲ್ಲಿ ನಡೆದದ್ದು ವಿಳಂಬಿ. ಒಂದು ಸಂವತ್ಸರ ಮತ್ತೆ ಬರಲು ಅರವತ್ತು ವರ್ಷ ಬೇಕು. ನಮ್ಮ ಶಾಲೆಯ ಕೀಲಕದಿಂದ ಹಿಂದಕ್ಕೆ ಅರವತ್ತು ಅರವತ್ತಾಗಿ ಹತ್ತು ಸುತ್ತು ಎಣಿಸಿ. ಆರುನೂರು ವರ್ಷ ಹಿಂದೆ, 1368ರಲ್ಲಿ ನಿಲ್ಲುತ್ತೀರಿ. ಶಕದ ಲೆಕ್ಕದಲ್ಲಿ 1290. ಅದೂ ಕೀಲಕ.

ಆ ಕೀಲಕ ಸಂವತ್ಸರದಲ್ಲಿ ಕಡೆದ ಒಂದು ಕಲ್ಲು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. 2018ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕ ನೋಡಲು ನಮ್ಮೂರಿನಿಂದ ಬಸ್ಸು ಮಾಡಿಕೊಂಡು ಹೋದಿರಲ್ಲ, ಬೆಟ್ಟ ಹತ್ತಿ ಇಳಿದವರಲ್ಲಿ ಕೆಲವರಾದರೂ ಊರೊಳಗಿನ ಆ ದೊಡ್ಡ ಬಸದಿಗೂ ಹೋಗಿರಬಹುದು. ಹೊಯ್ಸಳರ ಭಂಡಾರಿಯಾಗಿದ್ದ ಹುಳ್ಳ 1159ರಲ್ಲಿ ಕಟ್ಟಿಸಿದ, ಇಪ್ಪತ್ನಾಲ್ಕು ತೀರ್ಥಂಕರರ ಬಸದಿ ಅದು. ಅಲ್ಲಿರುವ ಬುಕ್ಕರಾಯನ ಶಾಸನವನ್ನು ನಾನು ಪ್ರತಿ ವರ್ಷ ಪಾಠ ಮಾಡಿದ್ದೇನೆ. ಪಾಠ ಎಂದರೆ ಎರಡು ಸಾಲು: ‘ಜೈನರಿಗೂ ಶ್ರೀವೈಷ್ಣವರಿಗೂ ಬಂದ ಜಗಳವನ್ನು ಬುಕ್ಕರಾಯ 1368ರಲ್ಲಿ ಬಗೆಹರಿಸಿದನು. ಇದು ವಿಜಯನಗರದ ಅರಸರ ಧಾರ್ಮಿಕ ಸಹಿಷ್ಣುತೆಗೆ ಉದಾಹರಣೆ.’ ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಮಕ್ಕಳು ಬರೆಯುತ್ತಿದ್ದರು, ನಾನು ಅಂಕ ಹಾಕುತ್ತಿದ್ದೆ.

ಒಂದು ವರ್ಷ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಸಾರ್, ಆ ಇಸವಿಯಲ್ಲಿ ಅದೊಂದೇನಾ ನಡೆದದ್ದು? ಬೇರೆಯವರೆಲ್ಲ ಏನು ಮಾಡ್ತಾ ಇದ್ದರು?” ತರಗತಿ ನಕ್ಕಿತು. ನಾನೂ ನಕ್ಕು ಕೂರಿಸಿದೆ. ನಿಜ ಹೇಳಬೇಕೆಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ನಿವೃತ್ತಿಯ ಮೇಲೆ ಬಿಡುವು ಸಿಕ್ಕಿದಾಗ ಒಂದೊಂದಾಗಿ ಹುಡುಕಿದೆ. ಇವತ್ತಿನ ಮಾತು ಆ ಹುಡುಗಿಗೆ ತಡವಾಗಿ ಕೊಡುತ್ತಿರುವ ಉತ್ತರ ಎಂದು ತಿಳಿಯಿರಿ.

ಮೊದಲು ತೇದಿಯನ್ನೇ ನೋಡೋಣ. ಆ ಶಾಸನದಲ್ಲಿ ಶಕವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ ಎಂದಿದೆ. ಒಂದೇ ದಿನಕ್ಕೆ ಇಷ್ಟೆಲ್ಲ ಗುರುತು ಯಾಕೆ? ಹಳಬರು ಬುದ್ಧಿವಂತರು. ಹೊಲದ ಪತ್ರದಲ್ಲಿ ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆಸುತ್ತೇವಲ್ಲ, ಹಾಗೆ. ಒಂದು ಕಡೆಯ ಕಲ್ಲು ಕಿತ್ತರೂ ಉಳಿದ ಮೂರು ಕಡೆಯಿಂದ ಹೊಲ ಗೊತ್ತಾಗುತ್ತದೆ. ಶಕದ ಅಂಕಿ ಸವೆದುಹೋದರೆ ಸಂವತ್ಸರ ಹೇಳುತ್ತದೆ. ತಿಥಿ ಮತ್ತು ವಾರ ಒಂದನ್ನೊಂದು ತಾಳೆ ನೋಡುತ್ತವೆ. ಸುಳ್ಳು ತೇದಿ ಬರೆದವನು ಈ ನಾಲ್ಕರಲ್ಲಿ ಒಂದರಲ್ಲಾದರೂ ಸಿಕ್ಕಿಬೀಳುತ್ತಾನೆ.

ಈ ತೇದಿಯನ್ನು ಇಂಗ್ಲಿಷ್ ತಿಂಗಳಿಗೆ ತಂದರೆ 1368ರ ಆಗಸ್ಟ್ 24. ಅವತ್ತು ನಿಜವಾಗಿ ಗುರುವಾರವೇ? ಮಕ್ಕಳೇ, ಇದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಯುರೋಪಿನಲ್ಲಿ ಆಗ ಇದ್ದದ್ದು ಜೂಲಿಯನ್ ಕ್ಯಾಲೆಂಡರ್. ಅದರಲ್ಲಿ ನಾಲ್ಕು ವರ್ಷಕ್ಕೊಂದು ಅಧಿಕ ವರ್ಷ ತಪ್ಪದೆ ಬರುತ್ತಿತ್ತು. ಹಾಗಾಗಿ 28 ವರ್ಷಕ್ಕೊಮ್ಮೆ ವಾರಗಳು ಇದ್ದ ಹಾಗೇ ತಿರುಗಿ ಬರುತ್ತಿದ್ದವು. 1368ಕ್ಕೆ ಏಳು ಸಲ 28 ಕೂಡಿ, 1564 ಆಯಿತು. ಎರಡೂ ವರ್ಷದ ಆಗಸ್ಟ್ 24 ಒಂದೇ ವಾರ. ಅಲ್ಲಿಂದ 1582ಕ್ಕೆ 18 ವರ್ಷ, ನಡುವೆ ನಾಲ್ಕು ಅಧಿಕ ದಿನ, ಒಟ್ಟು 22. ಏಳರಿಂದ ಭಾಗಿಸಿದರೆ ಉಳಿಯುವುದು 1. ಅಂದರೆ ಒಂದು ವಾರ ಮುಂದೆ ಹೋಯಿತು. ಆಗಸ್ಟ್ 24ರಿಂದ ಅಕ್ಟೋಬರ್ 4ಕ್ಕೆ 41 ದಿನ. ಏಳರಿಂದ ಭಾಗಿಸಿದರೆ ಉಳಿಯುವುದು 6. ಒಂದೂ ಆರೂ ಏಳು, ಅಲ್ಲಿಗೆ ಅದೇ ವಾರ. 1582ರ ಅಕ್ಟೋಬರ್ 4 ಜಗತ್ತಿಗೆಲ್ಲ ಗೊತ್ತಿರುವ ದಿನ. ರೋಮಿನ ಪೋಪ್ ಹದಿಮೂರನೆಯ ಗ್ರೆಗೊರಿ ಹಳೆಯ ಕ್ಯಾಲೆಂಡರನ್ನು ನಿಲ್ಲಿಸಿ ಮಾರನೆಯ ದಿನವನ್ನು ಅಕ್ಟೋಬರ್ 15 ಎಂದು ಕರೆಸಿದ. ಆ ಅಕ್ಟೋಬರ್ 4 ಗುರುವಾರ. ಆದ್ದರಿಂದ 1368ರ ಆಗಸ್ಟ್ 24 ಕೂಡ ಗುರುವಾರ. ಬೆಳಗೊಳದ ಕಲ್ಲುಕುಟಿಗ ಬರೆದದ್ದು ಸರಿ. ಈ ಲೆಕ್ಕ ಮೊದಲ ಸಲ ಸರಿಹೊಂದಿದ ರಾತ್ರಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಮಲಗಿದ್ದ ಮನೆಯವರನ್ನು ಎಬ್ಬಿಸಿ ಹೇಳಿದೆ. ಅವರು “ಗುರುವಾರವಾದರೆ ಏನೀಗ, ಮಲಗಿ” ಎಂದರು.

ಆ ವರ್ಷಕ್ಕೆ ಇನ್ನೂ ಏನೇನು ಹೆಸರಿದ್ದವು ನೋಡಿ. ಜೂಲಿಯನ್ ಲೆಕ್ಕದಲ್ಲಿ ಅದು ಶನಿವಾರ ಶುರುವಾದ ಅಧಿಕ ವರ್ಷ. ಆದರೆ ಯುರೋಪಿನ ಎಲ್ಲರಿಗೂ ಹೊಸ ವರ್ಷ ಜನವರಿ 1ಕ್ಕೆ ಬರುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಇಸವಿ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಫ್ರಾನ್ಸಿನ ಅರಸರ ಕಚೇರಿಯಲ್ಲಿ ಈಸ್ಟರ್ ಹಬ್ಬಕ್ಕೆ. ಆ ವರ್ಷ ಈಸ್ಟರ್ ಬಂದದ್ದು ಏಪ್ರಿಲ್ 9ಕ್ಕೆ. ನಮ್ಮಲ್ಲಿ ಕೀಲಕದ ಯುಗಾದಿ ಮಾರ್ಚ್ ಮೂರನೆಯ ವಾರದಲ್ಲಿ ಆಗಿಹೋಗಿತ್ತು. ಗುಲ್ಬರ್ಗದ ಬಹಮನಿ ಸುಲ್ತಾನರ ಕಚೇರಿಯಲ್ಲಿ ಹಿಜರಿ 769 ಮುಗಿದು 770 ಶುರುವಾದದ್ದು ಆಗಸ್ಟ್ ನಡುವಿನಲ್ಲಿ. ಭಾದ್ರಪದವನ್ನು ತಂದ ಅಮಾವಾಸ್ಯೆಯೇ ಮೊಹರಂ ತಿಂಗಳನ್ನೂ ತಂದಿತು. ಒಂದೇ ಚಂದ್ರ, ಎರಡು ಪಂಚಾಂಗ. ಗಣಿತದ ಲೆಕ್ಕಕ್ಕೆ ಬುಕ್ಕರಾಯನ ತೀರ್ಪಿನ ದಿನ ಮೊಹರಂ ತಿಂಗಳ ಒಂಬತ್ತನೆಯ ದಿನ. ನಮ್ಮ ಲೆಕ್ಕದಲ್ಲಿ ಚೌತಿ ಕಳೆದು ಆರನೆಯ ದಿನ.

ಹಿಜರಿ ವರ್ಷ ಪೂರಾ ಚಂದ್ರನನ್ನೇ ನಂಬಿದ್ದು, ಸುಮಾರು 354 ದಿನ. ಅಧಿಕ ಮಾಸ ಅಲ್ಲಿಲ್ಲ. ಆದ್ದರಿಂದ ಮೊಹರಂ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ ಹೋಗಿ, ಮೂವತ್ತೆರಡು ಮೂವತ್ತಮೂರು ವರ್ಷಕ್ಕೊಮ್ಮೆ ಭಾದ್ರಪದವನ್ನು ಮತ್ತೆ ಸೇರುತ್ತದೆ. 2018ರಲ್ಲೂ ಹಾಗೇ ಸೇರಿತು. ಸೆಪ್ಟೆಂಬರ್ 13ಕ್ಕೆ ಚೌತಿ, 21ಕ್ಕೆ ಮೊಹರಂ ಕಡೆಯ ದಿನ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಆ ಹುಡುಗಿಯ ಪ್ರಶ್ನೆ. ಬೇರೆಯವರು ಏನು ಮಾಡುತ್ತಿದ್ದರು?

1368ರ ಜನವರಿ 23ರಂದು ಚೀನಾದ ನಾನ್‌ಜಿಂಗ್‌ನಲ್ಲಿ ಜು ಯುವಾನ್‌ಜಾಂಗ್ ಎಂಬಾತ ಸಿಂಹಾಸನ ಏರಿದ. ಬಡ ರೈತನ ಮಗ. ಹದಿಹರೆಯದಲ್ಲಿ ಬರ ಮತ್ತು ಪಿಡುಗಿನಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಹೊಟ್ಟೆಪಾಡಿಗೆ ಬೌದ್ಧ ಗುಡಿ ಸೇರಿ, ಭಿಕ್ಷೆ ಬೇಡಿಕೊಂಡು ಊರೂರು ಅಲೆದವನು. ಮಿಂಗ್ ವಂಶ ಅವನಿಂದ ಶುರುವಾಯಿತು. ಅದೇ ಸೆಪ್ಟೆಂಬರಿನಲ್ಲಿ ಅವನ ಸೈನ್ಯ ಈಗಿನ ಬೀಜಿಂಗನ್ನು ಹಿಡಿಯಿತು. ಮಂಗೋಲ ಚಕ್ರವರ್ತಿ ಉತ್ತರಕ್ಕೆ ಓಡಿದ. ಚೀನಿಯರಿಗೂ ನಮ್ಮ ಹಾಗೆ ಅರವತ್ತು ವರ್ಷದ ಸುತ್ತು ಇದೆ. ಆದ್ದರಿಂದ ನಮಗೆ 1368 ಮತ್ತು 1968 ಎರಡೂ ಕೀಲಕವಾದಂತೆ ಅವರಿಗೂ ಅವೆರಡಕ್ಕೆ ಒಂದೇ ಹೆಸರು. ಎರಡೂ ಕೋತಿಯ ವರ್ಷ. ನಮ್ಮ ಮೊದಲ ತಂಡದ ನಡವಳಿಕೆ ನೋಡಿದ್ದ ಗುರುಗಳು ಇಲ್ಲಿದ್ದಾರೆ, ಅವರು ಇದನ್ನು ಒಪ್ಪುತ್ತಾರೆ.

ಪ್ಯಾರಿಸ್ಸಿನಲ್ಲಿ ಐದನೆಯ ಚಾರ್ಲ್ಸ್ ಎಂಬ ಅರಸ ಲೂವ್ರ್ ಕೋಟೆಯ ಒಂದು ಬುರುಜಿನಲ್ಲಿ ತನ್ನ ಪುಸ್ತಕಗಳನ್ನು ಜೋಡಿಸಿಡಿಸಿದ್ದು ಇದೇ 1368ರಲ್ಲಿ. ಅಚ್ಚಿನ ಪುಸ್ತಕ ಇಲ್ಲದ ಕಾಲ, ಎಲ್ಲ ಕೈಬರಹ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದವರು ತಮ್ಮ ಹುಟ್ಟಿನ ಕಥೆ ಹೇಳುವಾಗ ಈ ಬುರುಜಿನಿಂದ ಶುರು ಮಾಡುತ್ತಾರೆ. ದೆಹಲಿಯಲ್ಲಿ ಫಿರೋಜ್ ಷಾ ತುಘಲಕನ ಆಳ್ವಿಕೆ. ಸಿಡಿಲು ಬಡಿದು ಕುತುಬ್ ಮಿನಾರಿನ ನೆತ್ತಿ ಹಾಳಾಗಿತ್ತು. ಅದನ್ನು ಅವನು ಸರಿಪಡಿಸಿದ್ದು 1368-69ರ ಹೊತ್ತಿಗೆ. ಈಗ ನಾವು ನೋಡುವ ಮೇಲಿನ ಅಂತಸ್ತುಗಳಲ್ಲಿ ಬಿಳಿ ಅಮೃತಶಿಲೆ ಕಾಣುವುದು ಆ ರಿಪೇರಿಯ ಗುರುತು.

ನಮ್ಮ ಸೀಮೆಗೆ ಬನ್ನಿ. ಗುಲ್ಬರ್ಗದಲ್ಲಿ ಮೊದಲನೆಯ ಮಹಮ್ಮದ್ ಷಾ ಆಳುತ್ತಿದ್ದ. ಅಲ್ಲಿಯ ಕೋಟೆಯೊಳಗಿನ ಜಾಮಿಯಾ ಮಸೀದಿ ಮುಗಿದದ್ದು ಹಿಂದಿನ ವರ್ಷ, 1367ರಲ್ಲಿ. ವಿಜಯನಗರದಲ್ಲಿ ಬುಕ್ಕರಾಯ. ಈ ಇಬ್ಬರ ನಡುವೆ ಆಗಷ್ಟೇ ಘೋರ ಯುದ್ಧ ನಡೆದಿತ್ತು. ಎರಡು ಶತಮಾನದ ಮೇಲೆ ಬರೆದ ಫೆರಿಷ್ತಾ, ಊರೂರು ಜನ ಹತರಾದ ಮೇಲೆ, ಇನ್ನು ಮುಂದೆ ಆಯುಧ ಹಿಡಿಯದವರನ್ನು ಕೊಲ್ಲುವುದಿಲ್ಲವೆಂದು ಎರಡು ಕಡೆಯವರೂ ಒಪ್ಪಿಕೊಂಡರು ಎನ್ನುತ್ತಾನೆ. ಬೆಳಗೊಳದ ಶಾಸನ ಹುಟ್ಟಿದ್ದು ಇಂಥ ಹೊತ್ತಿನಲ್ಲಿ. ರಾಯನಿಗೆ ತಲೆಬಿಸಿಗೆ ಬೇರೆ ವಿಷಯ ಇಲ್ಲದೆ ಈ ಜಗಳಕ್ಕೆ ಕೈ ಹಾಕಿದ್ದಲ್ಲ.

ಜಗಳ ಏನು? ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು ರಾಯನ ಬಳಿ ಬಂದು, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ದೂರು ಕೊಟ್ಟರು. ಕಲ್ಲೆಹ ಎಂದರೆ ಮಾಗಡಿ ತಾಲ್ಲೂಕಿನ ಈಗಿನ ಕಲ್ಯ. ಅಲ್ಲೂ ಇದೇ ತೀರ್ಪಿನ ಒಂದು ಕಲ್ಲು ಇದೆ. ಕಲ್ಲಿನ ಮೇಲಿರುವ ತೀರ್ಮಾನವನ್ನು ನೋಡಿದರೆ ತಗಾದೆ ಯಾವುದಕ್ಕೆ ಎಂದು ಗೊತ್ತಾಗುತ್ತದೆ. ಪಂಚಮಹಾವಾದ್ಯ ಮತ್ತು ಕಳಶ ಜೈನರಿಗೆ ಮೊದಲಿನಿಂದ ಹೇಗೆ ಸಲ್ಲುತ್ತಿತ್ತೋ ಹಾಗೇ ಸಲ್ಲಬೇಕು ಎಂದಿದೆ. ವಾದ್ಯ, ಕಳಶ. ಯಾರ ಮೆರವಣಿಗೆಯ ಮುಂದೆ ಏನು ಬಾರಿಸಬಹುದು ಎಂಬ ಜಗಳ. ನೋಡಿ, ಇದು ನಮಗೆ ಅರ್ಥವಾಗದ ಜಗಳವೇನಲ್ಲ.

ಬುಕ್ಕರಾಯ ಏನು ಮಾಡಿದ? ಸಂಗಮ ವಂಶದ ಅರಸರ ಅಂಕಿತ ವಿರೂಪಾಕ್ಷ. ಅವನು ಜೈನನೂ ಅಲ್ಲ, ಶ್ರೀವೈಷ್ಣವನೂ ಅಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರಿಂದ ಹಿಡಿದು ತಿರುಕುಲ, ಜಾಂಬವಕುಲದವರ ತನಕ ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಸೇರಿಸಿದ. ಬರೀ ಮುಖಂಡರನ್ನು ಕರೆದು ಮಾತು ಮುಗಿಸಲಿಲ್ಲ, ಇದನ್ನು ಗಮನಿಸಬೇಕು. ಆಮೇಲೆ ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ. ಜೈನರಿಗೆ ಆಗುವ ಹಾನಿ ವೃದ್ಧಿಯನ್ನು ವೈಷ್ಣವರು ತಮ್ಮದೇ ಹಾನಿ ವೃದ್ಧಿ ಎಂದು ತಿಳಿಯಬೇಕು ಎಂದು ಹೇಳಿಸಿದ. ಈ ತೀರ್ಪಿನ ಕಲ್ಲನ್ನು ರಾಜ್ಯದ ಬಸದಿಗಳಲ್ಲಿ ನೆಡಿಸುವ ಕೆಲಸವನ್ನು ಶ್ರೀವೈಷ್ಣವರಿಗೇ ಒಪ್ಪಿಸಿದ. ಆ ಕಲ್ಲಿನ ಮೊದಲಲ್ಲಿರುವುದು ರಾಮಾನುಜರ ಸ್ತುತಿ. ಬಸದಿಯೊಳಗಿನ ಕಲ್ಲಿನ ನೆತ್ತಿಯಲ್ಲಿ ರಾಮಾನುಜರ ಸ್ತುತಿ!

ನಾನು ಇಷ್ಟು ವರ್ಷ ಪಾಠ ಮಾಡಿದ್ದು ಇಲ್ಲಿಗೆ ನಿಲ್ಲುತ್ತಿತ್ತು. ಶಾಸನ ಇಲ್ಲಿಗೆ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಅದರ ಜೀವ ಇರುವುದು ಮುಂದಿನ ಸಾಲುಗಳಲ್ಲಿ. ಅಲ್ಲಿ ಹಣದ ಲೆಕ್ಕ ಇದೆ.

ರಾಜ್ಯದಲ್ಲಿರುವ ಜೈನರು ತಮ್ಮ ಮನೆ ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಹಣ ಎಂದರೆ ಆ ಕಾಲದ ಚಿಕ್ಕ ಚಿನ್ನದ ನಾಣ್ಯ. ತಿರುಮಲೆಯ ತಾತಯ್ಯನವರು ಅದನ್ನು ಎತ್ತಿಸಿ, ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಮಾಡಿಸಬೇಕು. ಸೂರ್ಯ ಚಂದ್ರರಿರುವ ತನಕ, ವರ್ಷ ವರ್ಷವೂ, ತಪ್ಪದೆ. ತಪ್ಪಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಇದನ್ನು ಎರಡು ಸಲ ಯೋಚಿಸಿ. ಯಾರ ಮೇಲೆ ದೂರು ಬಂದಿತ್ತೋ ಆ ಕಡೆಯವರನ್ನೇ ಕಾವಲಿಗೆ ಹೊಣೆ ಮಾಡಿದ. ಹೊಡೆದವನನ್ನು ದೂರ ಕಳಿಸಲಿಲ್ಲ, ಕಾಯಲು ನಿಲ್ಲಿಸಿದ. ಹಾಗೆಂದು ಇದನ್ನು ಬರೀ ಸಿಹಿಯಾಗಿ ಹೇಳಿ ಮುಗಿಸುವುದೂ ಸರಿಯಲ್ಲ. ದೂರು ಕೊಟ್ಟವರೇ ಕಾವಲಿನ ಖರ್ಚನ್ನೂ ಕೊಡಬೇಕಾಯಿತು. ಅಲ್ಪಸಂಖ್ಯಾತರಾದವರು ನೆಮ್ಮದಿಗೆ ಬೆಲೆ ತೆತ್ತರು ಎಂಬ ಮಾತೂ ಅದೇ ಕಲ್ಲಿನಲ್ಲಿ ಇದೆ. ಪಾಠದಲ್ಲಿ ನಾನು ‘ಸಹಿಷ್ಣುತೆ’ ಎಂಬ ಒಂದು ಪದದಲ್ಲಿ ಇದನ್ನೆಲ್ಲ ಮುಚ್ಚಿಬಿಟ್ಟಿದ್ದೆ. ಜಗಳವೇ ಇಲ್ಲದ ಊರು ಇದ್ದಿದ್ದರೆ ಆ ಕಲ್ಲು ಬೇಕಾಗುತ್ತಿರಲಿಲ್ಲ.

ಇನ್ನೊಂದು ಸಂಗತಿ. ಅದೇ ಕಲ್ಲಿನಲ್ಲಿ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯ ಹೆಸರಿದೆ. ರಾಯನಿಗೆ ಬಿನ್ನಹ ಮಾಡಿಕೊಂಡು, ತಿರುಮಲೆಯ ತಾತಯ್ಯನವರನ್ನು ಕರೆಸಿ, ಜೀರ್ಣೋದ್ಧಾರ ಮಾಡಿಸಿದವನು ಅವನು. ಜೈನರು, ವೈಷ್ಣವರು ಎರಡು ಸಮಯದವರೂ ಸೇರಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು. ರಾಯನ ಮಾತು ಬಾಯಲ್ಲಿ ಉಳಿಯದೆ ಕೆಲಸವಾಗಬೇಕಾದರೆ ಹಿಂದೆ ಬಿದ್ದು ಓಡಾಡುವ ಒಬ್ಬ ಸೆಟ್ಟಿ ಬೇಕಾಯಿತು. ತೀರ್ಪು ಕೊಡುವವರು ಒಬ್ಬರು, ಅದನ್ನು ನಡೆಸಿಕೊಂಡು ಹೋಗುವವರು ಇನ್ನೊಬ್ಬರು. ಪಠ್ಯಪುಸ್ತಕದಲ್ಲಿ ಮೊದಲನೆಯವರ ಹೆಸರು ಮಾತ್ರ ಬರುತ್ತದೆ.

ಈಗ 2018ರ ಸೆಪ್ಟೆಂಬರಿಗೆ ಬರುತ್ತೇನೆ. ಗಣಪತಿಯ ಒಂಬತ್ತನೆಯ ದಿನದ ವಿಸರ್ಜನೆ, ಬಾಬಯ್ಯನ ಹಬ್ಬದ ಕಡೆಯ ದಿನ, ಎರಡೂ 21ನೇ ತಾರೀಕು ಶುಕ್ರವಾರವೇ ಬಿದ್ದವು. ಪೇಟೆಬೀದಿ ಒಂದೇ, ಕೆರೆಯ ದಾರಿ ಒಂದೇ. ಹುಡುಗರು ಒಬ್ಬರಿಗಿಂತ ಒಬ್ಬರು ದೊಡ್ಡ ಡೋಲು, ದೊಡ್ಡ ಸ್ಪೀಕರ್ ಗೊತ್ತು ಮಾಡಿದ್ದರು. ನಾಲ್ಕು ದಿನ ಊರಿನಲ್ಲಿ ಗುಸುಗುಸು ಇತ್ತು. ಇಲ್ಲಿರುವ ಎಲ್ಲರಿಗೂ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ. ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಏನಾಯಿತು? ಚಾವಡಿಯಲ್ಲಿ ಎರಡು ಕಡೆಯ ಹಿರಿಯರು ಕೂತರು. ಒಂದೇ ಬೆಂಚಿನಲ್ಲಿ ಕೂತು ಇದೇ ಶಾಲೆಯಲ್ಲಿ ಓದಿದ ಇಬ್ಬರು ಮುಂದೆ ನಿಂತರು. ಬಾಬಯ್ಯನ ಪಂಜ ಮಧ್ಯಾಹ್ನ ನಾಲ್ಕಕ್ಕೆ ಕೆರೆಗೆ ಹೋಗಿ ಬರುವುದು, ಗಣಪತಿ ಏಳಕ್ಕೆ ಹೊರಡುವುದು ಎಂದು ಗೊತ್ತಾಯಿತು. ನಾಲ್ಕಕ್ಕೆ ಗಣಪತಿಯ ಹುಡುಗರು ದಾರಿ ಬಿಡಿಸಿದರು, ಏಳಕ್ಕೆ ಆ ಬೀದಿಯ ಹುಡುಗರು ಪಾನಕ ಕೊಟ್ಟರು. ಜಗಳ ಆಗಲಿಲ್ಲ ಎಂದು ಪತ್ರಿಕೆಯಲ್ಲಿ ಬರುವುದಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಾದರೂ ಇದು ಅಚ್ಚಾಗಲಿ ಎಂದು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ. 1368ರ ಭಾದ್ರಪದದಲ್ಲಿ ನಡೆದದ್ದನ್ನು 2018ರ ಭಾದ್ರಪದದಲ್ಲಿ ನೀವು ಮಾಡಿದಿರಿ. ಅಲ್ಲಿ ರಾಯ ಬೇಕಾದ, ಇಲ್ಲಿ ಒಂದು ಹಳೆಯ ಬೆಂಚು ಸಾಕಾಯಿತು.

ಆದರೆ ಬರುವ ವರ್ಷ? ಮೊಹರಂ ಹನ್ನೊಂದು ದಿನ ಹಿಂದೆ ಸರಿದರೂ ಚೌತಿಯೂ ಹಿಂದೆ ಸರಿಯುತ್ತದೆ. ಮತ್ತೆ ಹತ್ತಿರ ಹತ್ತಿರವೇ ಬರುತ್ತವೆ. ಆಗ ಮತ್ತೆ ಕೂರಬೇಕು. ಒಂದು ಸಲ ಕೈ ಹಿಡಿಸಿದರೆ ಮುಗಿಯಲಿಲ್ಲ ಎಂದು ತಾನೇ ಆ ಕಲ್ಲಿನಲ್ಲಿ ‘ವರ್ಷಕ್ಕೆ ಒಂದು ಹಣ’ ಎಂದು ಬರೆಸಿದ್ದು? ರಾಜಿ ಎನ್ನುವುದು ಮಣ್ಣಿನ ಮನೆಯ ಹಾಗೆ. ಪ್ರತಿ ವರ್ಷ ಮಳೆಗೆ ಮುಂಚೆ ಮೈ ಮೇಲೆ ಕೈ ಆಡಿಸದಿದ್ದರೆ ನಿಲ್ಲುವುದಿಲ್ಲ.

ಶಾಲೆಯೂ ಹಾಗೆಯೇ. 1968ರಲ್ಲಿ ಈ ಕಟ್ಟಡಕ್ಕೆ ಊರಿನವರು ಮನೆ ಮನೆಯಿಂದ ಕೊಟ್ಟರು. ದುಡ್ಡಿಲ್ಲದವರು ಗಾಡಿಯಲ್ಲಿ ಕಲ್ಲು ತಂದು ಹಾಕಿದರು, ಅದೂ ಇಲ್ಲದವರು ಒಂದು ದಿನದ ಆಳು ಕೊಟ್ಟರು. ನಮ್ಮ ತಂದೆ ಎರಡು ದಿನ ಮಣ್ಣು ಹೊತ್ತದ್ದನ್ನು ನಾನು ನೋಡಿದ್ದೇನೆ. ಆಮೇಲೆ ಐವತ್ತು ವರ್ಷ ನಾವು ಎಲ್ಲವನ್ನೂ ಸರ್ಕಾರಕ್ಕೆ ಬಿಟ್ಟೆವು. ಈಗ ಸುವರ್ಣ ಮಹೋತ್ಸವದ ನೆನಪಿಗೆ ಒಂದು ದೊಡ್ಡ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಮಾನು ಬೇಡವೆಂದು ನಾನು ಹೇಳುವುದಿಲ್ಲ, ಚೆನ್ನಾಗಿಯೇ ಇರುತ್ತದೆ. ಆದರೆ ಒಂಬತ್ತನೆಯ ತರಗತಿಯ ಮಾಡು ಮಳೆಗೆ ಸೋರುತ್ತಿದೆ, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಬುಕ್ಕರಾಯನ ಶಾಸನದಲ್ಲಿ ಹೊಸ ಬಸದಿ ಕಟ್ಟಿಸುವ ಮಾತು ಇಲ್ಲ, ಇರುವುದಕ್ಕೆ ಸುಣ್ಣ ಮಾಡಿಸುವ ಮಾತು ಇದೆ. ಹಳೆಯ ವಿದ್ಯಾರ್ಥಿಗಳು ಮನೆಗೆ ವರ್ಷಕ್ಕೆ ನೂರು ರೂಪಾಯಿ ಎತ್ತೋಣ. ಯುಗಾದಿಯ ವಾರದಲ್ಲಿ ಕೊಡೋಣ. ಖರ್ಚಿನ ಲೆಕ್ಕವನ್ನು ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯೋಣ. ನನ್ನ ಮೊದಲ ನೂರು ಇಲ್ಲೇ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತೇನೆ. ಅದನ್ನು ಎತ್ತಿಸಲು ಒಬ್ಬ ಬುಸುವಿಸೆಟ್ಟಿ ಬೇಕು. ಅದು ನಮ್ಮ ತಂಡದಲ್ಲೇ ಯಾರಾದರೂ ಆಗಲಿ.

ಕೊನೆಯದಾಗಿ ಒಂದು ಮಾತು. ಕೀಲಕ ಎಂದರೆ ಕೀಲು, ಬೆಣೆ, ಗೂಟ. ಎತ್ತಿನ ಗಾಡಿಯ ಚಕ್ರ ಅಚ್ಚಿನಿಂದ ಕಳಚಿಕೊಳ್ಳದಂತೆ ಕಡಾಣಿ ಹಾಕುತ್ತಾರಲ್ಲ, ಅದೂ ಒಂದು ಕೀಲೇ. ಗೇಣುದ್ದದ ಕಬ್ಬಿಣ. ಗಾಡಿ ಕೊಳ್ಳುವಾಗ ಯಾರೂ ಅದನ್ನು ನೋಡುವುದಿಲ್ಲ, ಕಳಚಿ ಬಿದ್ದ ದಿನ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. ಬೆಳಗೊಳದ ಕಲ್ಲಿನಲ್ಲಿರುವ ವರ್ಷಕ್ಕೊಂದು ಹಣ ಅಂಥದ್ದು.

ಕೀಲಕ ಸಂವತ್ಸರ ಮತ್ತೆ ಬರುವುದು 2028ರ ಯುಗಾದಿಗೆ. 2018ರಿಂದ ಹತ್ತೇ ವರ್ಷ. ಈ ಚಾಪೆಯ ಮೇಲೆ ಕೂತಿರುವ ಎಂಟನೆಯ ತರಗತಿಯ ಮಕ್ಕಳಿಗೆ ಆಗ ಇಪ್ಪತ್ತಮೂರು ಇಪ್ಪತ್ತನಾಲ್ಕು. ಎಲ್ಲಿದ್ದರೂ ಆ ದಿನ ಇಲ್ಲಿಗೆ ಬನ್ನಿ. ಕಚೇರಿಯ ಎಡಗಡೆಯ ಕಲ್ಲನ್ನು ಓದಿ ನೋಡಿ. ಅಕ್ಷರಗಳಲ್ಲಿ ಸುಣ್ಣ ತುಂಬಿರದಿದ್ದರೆ, ಒಂಬತ್ತನೆಯ ತರಗತಿಯ ಮಾಡು ಸೋರದಿದ್ದರೆ, ಪೇಟೆಬೀದಿಯಲ್ಲಿ ಎರಡು ಹಬ್ಬದ ವಾದ್ಯವೂ ಕೇಳುತ್ತಿದ್ದರೆ, ಊರಿನವರು ತಮ್ಮ ಹಣ ಕೊಡುತ್ತ ಬಂದಿದ್ದಾರೆ ಎಂದು ತಿಳಿಯಿರಿ.

ಆ ಹಿಂದಿನ ಬೆಂಚಿನ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಅವಳಿಗೆ ಎರಡು ಅಂಕ ಕೊಡಬೇಕಾದದ್ದು ಉಳಿದಿದೆ.